ಕುಣಿತಕ್ಕೊಂದು ಟೈಮ್‌ಟೇಬಲ್

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೂವತ್ತನಾಲ್ಕು ವರ್ಷ ಹಲಸೂರಿನ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಟಿವಿಯಲ್ಲಿ ಹಿಂದಿ ಕೇಳಿಕೊಂಡು ಬೆಳೆದ ಮಕ್ಕಳನ್ನು ಹತ್ತನೇ ತರಗತಿಯ ಕನ್ನಡ ಪತ್ರಿಕೆಯಿಂದ ದಡ ಮುಟ್ಟಿಸಿದವಳು. ನನ್ನ ಕ್ಲಾಸಿನಲ್ಲಿ ಫೇಲಾಗುವುದು ಸುಲಭದ ಕೆಲಸವಾಗಿರಲಿಲ್ಲ, ನಾನು ಬಿಡುತ್ತಿರಲಿಲ್ಲ. ನಿವೃತ್ತಳಾಗಿ ಐದು ವರ್ಷ ಕಳೆದರೂ ಮಾರ್ಚ್ ತಿಂಗಳು ಬಂದರೆ ಕೈ ಕೆಂಪು ಪೆನ್ನು ಹುಡುಕುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಮಗಳು ಅನ್ನುತ್ತಾಳೆ. ಅವಳೂ ನನ್ನ ಶಿಷ್ಯೆಯೇ, ಗಾದೆಯನ್ನು ಎಲ್ಲಿ ಹಾಕಬೇಕೋ ಅಲ್ಲೇ ಹಾಕುತ್ತಾಳೆ.

ನನ್ನ ಜೊತೆಯೇ ಇರುವ ಮಗಳು, ಅಳಿಯ ಇಬ್ಬರಿಗೂ ಇಂದಿರಾನಗರದಲ್ಲಿ ಬ್ಯಾಂಕಿನ ಕೆಲಸ. ಆದ್ದರಿಂದ ಎಂಟು ವರ್ಷದ ಮೊಮ್ಮಗಳನ್ನು ವಾರಕ್ಕೆರಡು ಸಂಜೆ ಕುಕ್ ಟೌನಿನ ಬ್ಯಾಲೆ ಕ್ಲಾಸಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿತ್ತು. ಬ್ಯಾಲೆ ಅಂದರೆ ಯೂರೋಪಿನ ಕುಣಿತ. ಕಾಲಿಗೆ ಗುಲಾಬಿ ಬಣ್ಣದ ಮೆತ್ತನೆ ಬೂಟು, ತಲೆಗೆ ಬಿಗಿಯಾದ ತುರುಬು, ನೆಗೆದು ಇಳಿದರೆ ಸದ್ದಾಗಬಾರದು. ನಮ್ಮ ಭರತನಾಟ್ಯದಲ್ಲಿ ನೆಲ ಗುದ್ದಿದಷ್ಟೂ ಗುರುಗಳಿಗೆ ಸಂತೋಷ. ಇಲ್ಲಿ ಕಳ್ಳಬೆಕ್ಕಿನ ಹಾಗೆ ಓಡಾಡಬೇಕು. ಒಂದು ಹಳೆಯ ಚರ್ಚಿನ ಹಾಲಿನಲ್ಲಿ ಕ್ಲಾಸು. ಅವಳನ್ನು ಒಳಗೆ ಬಿಟ್ಟು ನಾನು ಹೊರಗಿನ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತ ಕೂರುತ್ತಿದ್ದೆ. ಒಳಗೇನು ನಡೆಯುತ್ತದೆಂದು ಒಂದು ವರ್ಷ ನಾನು ಇಣುಕಿ ಕೂಡ ನೋಡಿರಲಿಲ್ಲ.

ನೋಡುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಕ್ಲಾಸೆಲ್ಲ ಮನೆಗೇ ಬರುತ್ತಿತ್ತು. ಹಲ್ಲುಜ್ಜುವಾಗ ಒಂದು ಕಾಲು ಬಕೆಟ್ಟಿನ ಮೇಲೆ. ಶಾಲೆಯ ಬ್ಯಾಗು ಹೆಗಲಿಗೇರಿಸಿ ಗೇಟಿನವರೆಗೆ ನೆಗೆತ. ಊಟದ ಹೊತ್ತಿಗೆ ಫ್ರಿಜ್ಜಿನಿಂದ ಮೊಸರು ತಾ ಎಂದರೆ ಮೂರು ಸುತ್ತು ಸುತ್ತಿಯೇ ತರಬೇಕು. "ನೆಟ್ಟಗೆ ನಡಿಯೇ, ಮೊಸರು ಚೆಲ್ತೀಯ" ಎಂದು ದಿನಾ ಗದರುತ್ತಿದ್ದೆ. ಅವಳು ದಿನಾ ಚೆಲ್ಲುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಬ್ಯಾಲೆ ಟೀಚರ್ ನನ್ನ ಬೆಂಚಿನ ಬಳಿ ಬಂದಳು. ಲಿಂಗರಾಜಪುರದ ಹುಡುಗಿ, ಮೂವತ್ತರ ಆಸುಪಾಸು, ಮನೆಮಾತು ತಮಿಳು. ಇಡೀ ದಿನ ಮಕ್ಕಳ ಜೊತೆ ನೆಗೆದರೂ ದಣಿವು ಕಾಣದ ಮುಖ.

"ಆಂಟಿ, ನವೆಂಬರಲ್ಲಿ ಗ್ರೇಡ್ ಒನ್ ಎಕ್ಸಾಮ್ ಇದೆ. ಎಕ್ಸಾಮಿನರ್ ಫಾರಿನ್ನಿಂದ ಬರ್ತಾರೆ. ನಿಮ್ ಮೊಮ್ಮಗಳನ್ನ ಹಾಕೋಣ ಅಂತ ಇದೀನಿ."

ಕಡಲೆಕಾಯಿ ಪೊಟ್ಟಣ ಮಡಚಿ ಚೀಲಕ್ಕೆ ಹಾಕಿದೆ. "ಸಿಲೆಬಸ್ ಕೊಡಿ" ಎಂದೆ.

"ಅದೆಲ್ಲಾ ಕ್ಲಾಸಲ್ಲೇ ಮಾಡಿಸ್ತೀನಿ ಆಂಟಿ."

"ಹೋದ ವರ್ಷದ ಪ್ರಶ್ನೆಪತ್ರಿಕೆ?"

"ಪ್ರಶ್ನೆ ಎಲ್ಲಾ ಇರಲ್ಲ. ಮ್ಯೂಸಿಕ್ ಹಾಕ್ತಾರೆ, ಮಕ್ಳು ಮಾಡ್ತಾರೆ, ಅವ್ರು ನೋಡ್ತಾರೆ. ಅಷ್ಟೇ."

"ಯಾವ್ಯಾವ್ದಕ್ಕೆ ಎಷ್ಟೆಷ್ಟು ಅಂಕ?"

ಟೀಚರಿಗೆ ನನ್ನ ಕಣ್ಣಿನಲ್ಲಿ ಏನೋ ಕಂಡಿರಬೇಕು. "ಆಂಟಿ, ಟೆನ್ಷನ್ ತಗೋಬೇಡಿ. ಅವ್ಳಿಗೆ ಡ್ಯಾನ್ಸ್ ಅಂದ್ರೆ ಇಷ್ಟ. ಅದು ಹಂಗೇ ಇರ್ಲಿ" ಎಂದಳು.

ಇಷ್ಟವಂತೆ! ಬರೀ ಇಷ್ಟದಿಂದ ಯಾರು ಪಾಸಾಗಿದ್ದಾರೆ? ಪ್ರಶ್ನೆಪತ್ರಿಕೆ ಇಲ್ಲದ ಪರೀಕ್ಷೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ. ಹಿಂದಿನ ವರ್ಷ ಪಾಸಾದ ಮಕ್ಕಳ ತಾಯಂದಿರನ್ನು ಬೆಂಚಿಗೆ ಒಬ್ಬೊಬ್ಬರಾಗಿ ಕರೆದು ಕೂರಿಸಿಕೊಂಡೆ. ಮೂರು ಮೂರು ಮಕ್ಕಳನ್ನು ಒಟ್ಟಿಗೆ ಒಳಗೆ ಬಿಡುತ್ತಾರೆ, ಎದೆಗೂ ಬೆನ್ನಿಗೂ ನಂಬರ್ ಚೀಟಿ ಅಂಟಿಸುತ್ತಾರೆ, ಎಕ್ಸಾಮಿನರ್ ಮೇಜಿನ ಮೇಲೆ ಪುಟ್ಟ ಗಂಟೆ ಇರುತ್ತದೆ, ಬಾಗಿಲು ಹಾಕಿದ ಮೇಲೆ ಟೀಚರಿಗೂ ಪ್ರವೇಶವಿಲ್ಲ. ಒಂದು ವಾರದಲ್ಲಿ ಇಷ್ಟು ಗುಪ್ತ ಸಮಾಚಾರ ಸಂಪಾದಿಸಿದೆ.

ಆಮೇಲೆ ಇನ್ನೂರು ಪುಟದ ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿದೆ. ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಟೈಮ್‌ಟೇಬಲ್ ಬಂತು. ಬೆಳಿಗ್ಗೆ ಆರೂವರೆಗೆ ಪ್ಲಿಯೇ, ಅಂದರೆ ಮಂಡಿ ಬಗ್ಗಿಸುವುದು. ಆರೂ ಮುಕ್ಕಾಲಿಗೆ ತಾಂದ್ಯು, ಅಂದರೆ ಪಾದವನ್ನು ನೆಲ ಬಿಡಿಸದೆ ಮುಂದಕ್ಕೆ ಚಾಚುವುದು. ಇವೆಲ್ಲ ಫ್ರೆಂಚ್ ಮಾತುಗಳಂತೆ. ಫ್ರೆಂಚ್ ಆದರೇನು, ನನ್ನ ಕೈಗೆ ಸಿಕ್ಕ ಮೇಲೆ 'ಹೊಂದಿಸಿ ಬರೆಯಿರಿ' ಆಗಲೇಬೇಕು. ಅ ಪಟ್ಟಿಯಲ್ಲಿ ಫ್ರೆಂಚ್ ಪದ ಕನ್ನಡ ಲಿಪಿಯಲ್ಲಿ, ಬ ಪಟ್ಟಿಯಲ್ಲಿ ಅರ್ಥ ಅದಲುಬದಲು. ಬ್ಯಾಲೆಯ ಇತಿಹಾಸದಲ್ಲಿ ಹಲಸೂರಿನ ಕೊಡುಗೆ ಇದು.

ಅಭ್ಯಾಸಕ್ಕೆ ಹಿಡಿದುಕೊಳ್ಳಲು ಕಂಬಿ ಬೇಕೆಂದಳು ಮೊಮ್ಮಗಳು. ಅಡುಗೆಮನೆಯ ಕಿಟಕಿಯ ಕಂಬಿ ತೋರಿಸಿದೆ. ನಾನು ಮರದ ಸ್ಕೇಲು ಹಿಡಿದು ಪಕ್ಕದಲ್ಲಿ ಮೊಣಕಾಲೂರಿ, ಹಿಮ್ಮಡಿ ಎಷ್ಟು ಎದ್ದಿತು ಎಂದು ಅಳೆಯುತ್ತಿದ್ದೆ. ಹೊಡೆಯಲಿಕ್ಕಲ್ಲ, ದೇವರಾಣೆಗೂ ಅಳೆಯಲಿಕ್ಕೆ. ಒಂದು ತಪ್ಪಿಗೆ ಹತ್ತು ಸಲ ಮತ್ತೆ. ಎಣಿಕೆಯ ವಿಷಯದಲ್ಲಂತೂ ನನ್ನದೊಂದು ಹಳೆಯ ನಿಯಮವಿದೆ: ಮನಸ್ಸಿನಲ್ಲಿಟ್ಟುಕೊಂಡದ್ದು ಜಾರುತ್ತದೆ, ಬಾಯಿಗೆ ಬಂದದ್ದು ಉಳಿಯುತ್ತದೆ. ಪದ್ಯಕ್ಕೂ ಅದೇ, ಮಗ್ಗಿಗೂ ಅದೇ. "ಬಾಯ್ಬಿಟ್ಟು ಎಣಿಸು" ಎಂದೆ. ಅವಳು ಒಂದರಿಂದ ಎಂಟರವರೆಗೆ ಬಾಯಿಬಿಟ್ಟು ಎಣಿಸುತ್ತ ಮಂಡಿ ಬಗ್ಗಿಸಿದಳು. ಮೊದಮೊದಲು ಅವಳಿಗೂ ಖುಷಿಯೇ. ನೋಟ್‌ಬುಕ್ಕಿಗೆ ಸ್ಟಿಕ್ಕರ್ ಅಂಟಿಸಿದಳು, ಹೊಂದಿಸಿ ಬರೆದು ಹತ್ತಕ್ಕೆ ಹತ್ತು ತೆಗೆದಳು. ಅಜ್ಜಿಯ ಸೈಗಾಗಿ ಓಡಿ ಬರುತ್ತಿದ್ದಳು.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಸಾಹೇಬರ ಮನೆಯವರಿಗೆ ಶಿವಾಜಿನಗರದಲ್ಲಿ ಲೇಸು, ಗುಂಡಿ, ಎಲಾಸ್ಟಿಕ್ ಮಾರುವ ಅಂಗಡಿ. ಆ ಮನೆಯ ಹೆಂಗಸೇ ಮೊಮ್ಮಗಳ ಬೂಟಿಗೆ ಎಲಾಸ್ಟಿಕ್ ಹೊಲಿದುಕೊಟ್ಟವರು, ತುರುಬಿನ ಬಲೆ ತಂದುಕೊಟ್ಟವರು. ಕುಣಿತದ ಬಗ್ಗೆ ನಮ್ಮಿಬ್ಬರಿಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಅವರು ಅದನ್ನು ಒಪ್ಪಿಕೊಳ್ಳುತ್ತಿದ್ದರು.

ಪರೀಕ್ಷೆಗೆ ಎರಡು ವಾರ ಇರುವಾಗ ಪ್ರಿಪರೇಟರಿ ಇಟ್ಟೆ. ಪ್ರಿಪರೇಟರಿ ಇಲ್ಲದೆ ಯಾವ ಮಗುವನ್ನಾದರೂ ಪಬ್ಲಿಕ್ ಪರೀಕ್ಷೆಗೆ ಕೂರಿಸುವುದುಂಟೇ? ಭಾನುವಾರ ಬೆಳಿಗ್ಗೆ ನಡುಮನೆಯ ಸೋಫಾ ಗೋಡೆಗೆ ಸರಿಯಿತು. ದೇವರ ಮನೆಯ ಗಂಟೆ ಎಕ್ಸಾಮಿನರ್ ಮೇಜಿಗೆ ಬಂತು. ಮಗಳು, ಅಳಿಯ ಕೊಠಡಿ ಮೇಲ್ವಿಚಾರಕರು. ಮಹಡಿಯಾಕೆಯನ್ನು ಹೊರಗಿನ ಪರೀಕ್ಷಕರೆಂದು ಕೂರಿಸಿ ಕೈಗೆ ಬಿಳಿ ಹಾಳೆ, ಪೆನ್ನು ಕೊಟ್ಟೆ. ಗಂಟೆ ಬಾರಿಸಿದೆ.

ಮೊಮ್ಮಗಳು ಒಂದೇ ಒಂದು ತಪ್ಪು ಮಾಡಲಿಲ್ಲ. ಹಿಮ್ಮಡಿ ಹೇಳಿದಲ್ಲಿ, ಮೊಣಕೈ ಹೇಳಿದಷ್ಟು. ನಾನು ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಕೊಟ್ಟೆ. ಪೂರ್ತಿ ಕೊಟ್ಟರೆ ತಲೆ ನಿಲ್ಲುವುದಿಲ್ಲವೆಂದು ಒಂದು ಕತ್ತರಿಸಿದ್ದು. ಮಹಡಿಯಾಕೆಯ ಹಾಳೆ ಖಾಲಿ ಇತ್ತು.

"ಯಾಕ್ರೀ, ಅಂಕ ಹಾಕ್ಲಿಲ್ಲ?"

"ಬಚ್ಚಿ ಚೆನ್ನಾಗೇ ಮಾಡಿದ್ಳು ಟೀಚರಮ್ಮ, ಒಂದ್ ತಪ್ಪಿಲ್ಲ" ಎಂದರು ಅವರು, ಪೆನ್ನಿನ ಕ್ಯಾಪು ಹಾಕುತ್ತ. "ಆದ್ರೆ ಮುಖ ಯಾಕ್ ಹಂಗೈತೆ? ರೇಷನ್ ಕಾರ್ಡ್ ಮಾಡಿಸೋಕ್ ಬಂದು ಲೈನಲ್ಲಿ ನಿಂತಂಗೆ."

ಅಳಿಯ ನಕ್ಕುಬಿಟ್ಟರು. ನನಗೆ ರೇಗಿತು. "ಇದು ನಿಮ್ಮಂಗಡಿ ಲೇಸಲ್ಲ ಕಣ್ರೀ, ಬರೀ ಚಂದ ನೋಡೋಕೆ" ಅಂದೆ. ಅನ್ನಬಾರದಿತ್ತು. ಅವರು ಬೇಸರಪಟ್ಟುಕೊಳ್ಳಲಿಲ್ಲ. "ಹೌದೇನೋಮ್ಮ, ನಂಗೇನ್ ಗೊತ್ತು" ಎಂದು ಟೀ ಕುಡಿದು ಮೇಲೆ ಹೋದರು.

ಆವತ್ತೇ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. "ಪುಟ್ಟಿ, ಮೊಸರು ತಾ" ಎಂದೆ. ಅವಳು ಎದ್ದು ಹೋದಳು. ಫ್ರಿಜ್ ತೆಗೆದಳು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದಳು, ನಡೆದು ಬಂದು ಮೇಜಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

ಒಂದು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ಇದನ್ನೇ ಅಲ್ಲವೇ? ಆದರೆ ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು. ಇವಳು ಸುತ್ತುವುದನ್ನು ಬಿಟ್ಟದ್ದು ಯಾವಾಗ? ಹೋದ ವಾರವೇ? ದಸರೆಗೆ ಮುಂಚೆಯೇ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಬೆಳಿಗ್ಗೆ ಬಕೆಟ್ಟಿನ ಮೇಲೆ ಕಾಲು ಕಂಡು ಎಷ್ಟು ದಿನವಾಯಿತೋ ಅದೂ ಗೊತ್ತಿಲ್ಲ. ಮನೆಯಲ್ಲಿ ಆರೂವರೆಗೆ ಶುರುವಾಗಿ ಏಳೂಕಾಲಿಗೆ ಮುಗಿಯುವ ಕುಣಿತ ಬಿಟ್ಟರೆ ಬೇರೆ ಕುಣಿತವೇ ಉಳಿದಿರಲಿಲ್ಲ. ನನಗೆ ಭಯವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾಯಬೇಕಾದವಳು ನಾನೇ ಮೇಯ್ದುಬಿಟ್ಟಿದ್ದೆ.

ಮರುದಿನ ಅವಳು ಶಾಲೆಯಿಂದ ಬಂದು ಹಾಲು ಕುಡಿದ ಮೇಲೆ, ಏನೂ ಆಗಿಲ್ಲವೆಂಬಂತೆ ಹೇಳಿದೆ: "ಪುಟ್ಟಿ, ಸುಮ್ನೆ ಒಂದ್ಸಲ ಕುಣಿಯೇ ನೋಡೋಣ."

"ಯಾವ್ದು ಅಜ್ಜಿ?"

"ಯಾವ್ದಾದ್ರೂ."

"ಕಂಬಿ ಹಿಡ್ಕೊಂಡು ಮಾಡೋದಾ, ಹಿಡೀದೆ ಮಾಡೋದಾ?"

"ನಿಂಗೇನ್ ಇಷ್ಟ ಬರುತ್ತೋ ಅದು."

ಅವಳು ನೋಟ್‌ಬುಕ್ ತಂದು ಪುಟ ತಿರುವಿದಳು. ಹಿಂದಿನಿಂದ ಮುಂದಕ್ಕೂ ಒಮ್ಮೆ ನೋಡಿದಳು. "ಅದು ಸಿಲೆಬಸಲ್ಲಿ ಇಲ್ಲ ಅಜ್ಜಿ" ಎಂದಳು, ಪಾಪ, ನನ್ನ ಕಡೆಯಿಂದಲೇ ಏನೋ ಬಿಟ್ಟುಹೋಗಿದೆ ಎಂದು ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ.

ಈಗ ಯಾರಾದರೂ ಬುದ್ಧಿವಂತರಾಗಿದ್ದರೆ ಸುಮ್ಮನಾಗುತ್ತಿದ್ದರು. ನಾನು ಹೊಸ ಟೈಮ್‌ಟೇಬಲ್ ಬರೆದೆ. ಸಂಜೆ ಆರರಿಂದ ಆರೂಕಾಲು: ಇಷ್ಟ ಬಂದಂತೆ ಕುಣಿಯುವುದು. ಅದನ್ನು ಲ್ಯಾಮಿನೇಟ್ ಮಾಡಿಸಲು ನಮ್ಮ ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಹೋದೆ.

ಅಂಗಡಿಯವನು ನನ್ನ ಶಿಷ್ಯ. ಹಲಸೂರಿನಲ್ಲಿ ಹತ್ತು ಹೆಜ್ಜೆಗೊಬ್ಬ ಸಿಗುತ್ತಾನೆ. ಈಗ ನಡುನೆತ್ತಿ ಬೋಳಾಗಿದೆ, ಮಗ ಕಾಲೇಜಿಗೆ ಹೋಗುತ್ತಾನೆ. ಆದರೂ ನನ್ನನ್ನು ಕಂಡರೆ ಸ್ಟೂಲಿನಿಂದ ಎದ್ದು ನಿಲ್ಲುತ್ತಾನೆ. ಯಂತ್ರ ಬಿಸಿಯಾಗಲು ಬಿಟ್ಟು, ಕಾಯುತ್ತಿದ್ದ ಬೇರೆ ಗಿರಾಕಿಗೆ ನನ್ನನ್ನು ತೋರಿಸಿ ಹೇಳಿದ: "ಇವ್ರು ನಮ್ ಕನ್ನಡ ಮೇಡಂ. ಇವ್ರು ಹೇಳ್ಕೊಟ್ಟ ಪದ್ಯ ಇವತ್ತಿಗೂ ಬಾಯಲ್ಲೈತೆ. ಹೇಳ್ಲಾ ಮೇಡಂ?"

ಹೇಳಿದ. ಹನ್ನೆರಡು ಸಾಲು, ಒಂದೇ ಉಸಿರಿನಲ್ಲಿ, ಬೈಯಪ್ಪನಹಳ್ಳಿಯಲ್ಲಿ ನಿಲ್ಲದೆ ಹೋಗುವ ರೈಲಿನ ಹಾಗೆ. ಒಂದಕ್ಷರ ತಪ್ಪಲಿಲ್ಲ. ಗಿರಾಕಿ ಚಪ್ಪಾಳೆ ತಟ್ಟಿದ. ನನಗೆ ಹೆಮ್ಮೆಯಿಂದ ಕಣ್ಣು ಒದ್ದೆಯಾಯಿತು.

"ಅದ್ರಲ್ಲಿ ಏನ್ ಬರುತ್ತೆ ಹೇಳು" ಎಂದೆ, ಹಳೆಯ ಚಟ.

ಅವನು ತಲೆ ಕೆರೆದುಕೊಂಡ. "ಯಾವ್ದೋ ಹಕ್ಕಿ ಬರುತ್ತೆ ಮೇಡಂ. ಇಲ್ಲಾ, ನದಿ ಇರ್ಬೇಕು. ಅದು ನೆನಪಿಲ್ಲ. ಆದ್ರೆ ಎಂಟಕ್ಕೆ ಎಂಟು ಕೊಟ್ಟಿದ್ರಿ!"

"ಆಮೇಲೆ ಯಾವತ್ತಾದ್ರೂ ಒಂದ್ ಪದ್ಯ ಓದಿದ್ಯೇನೋ?"

"ಅಯ್ಯೋ, ಮತ್ತೆ ಅದ್ರ ಸಹವಾಸಕ್ಕೇ ಹೋಗ್ಲಿಲ್ಲ ಬಿಡಿ ಮೇಡಂ" ಎಂದು ಮನಸಾರೆ ನಕ್ಕ.

ಅವನ ಮೇಲೆ ನನಗೆ ಕೋಪವಿಲ್ಲ. ಅವನ ಪ್ರೀತಿ ಸುಳ್ಳಲ್ಲ. ಆದರೆ ಆ ಪದ್ಯ ನನಗೆ ತುಂಬ ಇಷ್ಟವಾದದ್ದು. ಅದರಲ್ಲಿ ಹಕ್ಕಿಯೂ ಇಲ್ಲ, ನದಿಯೂ ಇಲ್ಲ; ಮಗುವನ್ನು ಮಲಗಿಸಿ ಒಬ್ಬಳೇ ಕೂತ ತಾಯಿಯೊಬ್ಬಳಿದ್ದಾಳೆ. ಮೂವತ್ತನಾಲ್ಕು ವರ್ಷ ಅದನ್ನು ಎಷ್ಟೋ ಸಾವಿರ ಬಾಯಿಗಳಿಗೆ ತುಂಬಿದೆ. ಯಾರಿಗೂ ಅದು ಇಷ್ಟವಾಗಲು ಪುರುಸೊತ್ತು ಕೊಡಲಿಲ್ಲ. ಹಾಳೆಯನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡೆ. "ಲ್ಯಾಮಿನೇಷನ್ ಬೇಡ ಕಣೋ" ಎಂದು ಮನೆಗೆ ಬಂದು, ಹೊಸದು ಹಳೆಯದು ಎರಡೂ ಟೈಮ್‌ಟೇಬಲ್ಲುಗಳನ್ನು ಹರಿದುಹಾಕಿದೆ.

ಮುಂದಿನ ಕ್ಲಾಸಿನ ದಿನ ಬ್ಯಾಲೆ ಟೀಚರಿಗೆ ಎಲ್ಲ ಹೇಳಿಕೊಂಡೆ. ಹೆಡ್‌ಮಾಸ್ಟರ ಮುಂದೆ ನಿಂತ ಹುಡುಗಿಯಂತೆ ನಾನೇ ಸೆರಗಿನ ತುದಿ ತಿರುಚುತ್ತಿದ್ದೆ. ಅವಳು ಬಯ್ಯಲಿಲ್ಲ.

"ಸ್ಟೆಪ್ ಎಲ್ಲಾ ಕರೆಕ್ಟ್ ಆಂಟಿ. ಆದ್ರೆ ಅವ್ಳು ಮ್ಯೂಸಿಕ್ ಕೇಳ್ತಾನೇ ಇಲ್ಲ. ಬಾಯಲ್ಲೇ ಎಣಿಸ್ತಾಳೆ. ಬೇಡ ಅಂದ್ರೆ 'ಅಜ್ಜಿ ಹಿಂಗೇ ಹೇಳಿದ್ದು' ಅಂತಾಳೆ."

"ಈಗ ನಾನೇನ್ ಮಾಡ್ಲಮ್ಮ?"

"ಏನೂ ಮಾಡ್ಬೇಡಿ ಆಂಟಿ. ಪ್ಲೀಸ್."

ಇಷ್ಟು ಕಷ್ಟದ ಹೋಂವರ್ಕನ್ನು ನನಗೆ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಆ ಹತ್ತು ದಿನ ನಾನು ಏನೂ ಮಾಡದೆ ಇರಲು ಪಟ್ಟ ಪಾಡು ನನಗೇ ಗೊತ್ತು. ಆಗಷ್ಟೇ ಬರತೊಡಗಿದ್ದ ಅವರೆಕಾಯಿಯನ್ನು ಕಿಲೋಗಟ್ಟಲೆ ಬಿಡಿಸಿದೆ. ಸ್ಕೇಲನ್ನು ಬೀರುವಿನ ಹಿಂದೆ ಬಿಸಾಕಿದೆ. ಮೊಮ್ಮಗಳು ಮಾತ್ರ ಟೈಮ್‌ಟೇಬಲ್ ಇಲ್ಲದೆಯೂ ಆರೂವರೆಗೆ ಎದ್ದು, ಕಿಟಕಿ ಕಂಬಿ ಹಿಡಿದು, ಒಂದು ಎರಡು ಮೂರು ಎಂದು ಎಣಿಸುತ್ತ ಮಂಡಿ ಬಗ್ಗಿಸುತ್ತಿದ್ದಳು. "ಇವತ್ತು ಬೇಡ ಬಿಡೇ" ಎಂದರೆ "ಹತ್ತೇ ದಿನ ಇದೆ ಅಜ್ಜಿ" ಎನ್ನುತ್ತಿದ್ದಳು. ನಾನು ಬರೆದದ್ದನ್ನು ಗೋಡೆಯಿಂದ ಕೀಳಬಹುದಿತ್ತು, ಅವಳೊಳಗಿನಿಂದ ಕೀಳುವುದು ನನಗೆ ಗೊತ್ತಿರಲಿಲ್ಲ. ಇವಳಿಗೂ ಇದರ ಸಹವಾಸ ಪರೀಕ್ಷೆಯ ದಿನಕ್ಕೇ ಮುಗಿದುಹೋದೀತೇನೋ ಎಂದು ಅವರೆಕಾಯಿ ಬಿಡಿಸುತ್ತ ದಿನವೂ ಹೆದರುತ್ತಿದ್ದೆ.

ಪರೀಕ್ಷೆಯ ಬೆಳಿಗ್ಗೆ ಮಹಡಿಯಾಕೆಯೇ ಇಳಿದು ಬಂದು ತುರುಬು ಕಟ್ಟಿದರು. ನಾನು ಅವರಿಗೆ ಆವತ್ತಿನ ಮಾತಿಗೆ ತಪ್ಪಾಯಿತು ಎಂದೆ. "ತುರುಬಿಗೆ ಪಿನ್ ಕೊಡಿ ಟೀಚರಮ್ಮ, ಆಮೇಲೆ ತಪ್ಪು ಒಪ್ಪು ಎಲ್ಲಾ ನೋಡೋಣ" ಎಂದರು. ಆಟೋ ಹಿಡಿದು ಕುಕ್ ಟೌನ್ ಸೇರಿದೆವು. ಹಾಲಿನ ಕಿಟಕಿಗಳಿಗೆಲ್ಲ ಒಳಗಿನಿಂದ ಚಾರ್ಟ್ ಪೇಪರ್ ಅಂಟಿಸಿದ್ದರು, ತಾಯಂದಿರು ಇಣುಕದ ಹಾಗೆ. ನಮ್ಮನ್ನು ಬಲ್ಲವರ ಕೆಲಸ. ಮೊಮ್ಮಗಳ ಎದೆಗೂ ಬೆನ್ನಿಗೂ ನಂಬರ್ ಬಂತು. ಮೂವರು ಹುಡುಗಿಯರ ಸಾಲಿನಲ್ಲಿ ಇವಳೇ ಕೊನೆಯವಳು.

"ಅಜ್ಜಿ, ಬೇಗ ಒಂದ್ಸಲ ಹೊಂದಿಸಿ ಬರೆಯಿರಿ ಕೇಳು."

"ಬೇಡ ಕಣೇ. ನಂಗೆಲ್ಲಾ ಮರ್ತೋಗಿದೆ."

ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. ಅಷ್ಟರಲ್ಲಿ ಒಳಗೆ ಗಂಟೆಯಾಯಿತು. ಮೂವರೂ ಕತ್ತು ಉದ್ದ ಮಾಡಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಪಿಯಾನೋ ಸದ್ದು ಮಾತ್ರ ಹೊರಗೆ ಬರುತ್ತಿತ್ತು. ಬೆಂಚಿನ ತಾಯಂದಿರಲ್ಲಿ ಒಬ್ಬರು ಜಪಮಾಲೆ ಹಿಡಿದಿದ್ದರು, ಒಬ್ಬರು ಉಗುರು ಕಚ್ಚುತ್ತಿದ್ದರು. ನನ್ನ ತುಟಿ ತಾನಾಗಿ ಒಂದು ಎರಡು ಮೂರು ಎನ್ನುತ್ತಿತ್ತು. ಪಾಸೋ ಫೇಲೋ ಎಂಬ ಯೋಚನೆ ನನಗೆ ಬರಲೇ ಇಲ್ಲ. ಇದನ್ನು ನಾನೇ ಬರೆಯುತ್ತಿದ್ದೇನೆಂದರೆ ನನ್ನ ಶಿಷ್ಯರು ನಂಬಲಿಕ್ಕಿಲ್ಲ. ಪಾಸಾದಳು, ಅದು ಎರಡು ತಿಂಗಳ ಮೇಲಿನ ಮಾತು.

ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಪರೀಕ್ಷೆ ಬರೆದು ಹೊರಬಂದ ಮಗುವಿನ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಮೊದಲನೇದಕ್ಕೆ ಏನು ಬರೆದೆ, ಎರಡನೇದಕ್ಕೆ ಏನು ಬರೆದೆ ಎಂದು ಅಲ್ಲೇ ವಿಚಾರಣೆ ನಡೆಸುವುದು ನಮ್ಮಲ್ಲಿ ಪದ್ಧತಿ. ನಾನು ನೀರಿನ ಬಾಟಲಿ ಕೊಟ್ಟೆ. ಅವಳು ಗಟಗಟ ಕುಡಿದು ನನ್ನನ್ನೇ ನೋಡುತ್ತ ನಿಂತಳು.

"ಏನೂ ಕೇಳಲ್ವಾ ಅಜ್ಜಿ?"

"ಇಲ್ಲ."

"ಹಂಗಾದ್ರೆ ಮುಗೀತಾ? ಪೂರ್ತಿ?"

"ಪೂರ್ತಿ ಮುಗೀತು."

"ನಾಳೆ ಬೆಳಿಗ್ಗೆನೂ ಇಲ್ವಾ?"

"ಇಲ್ಲ ಕಣೇ."

ಅವಳು ಸುತ್ತ ನೋಡಿದಳು. ಊಟಕ್ಕೆ ಮುಂಚೆ ಐಸ್‌ಕ್ರೀಮ್ ಕೇಳುವಾಗ ಮಾಡುವಂತೆ ದನಿ ತಗ್ಗಿಸಿದಳು.

"ಹಂಗಾದ್ರೆ ಈಗ ಕುಣೀಬೋದಾ?"

ಮೂರು ತಿಂಗಳಿಂದ ಈ ಮಗು ಇದನ್ನು ಕೇಳಲು ಕಾದುಕೊಂಡಿತ್ತು. ಪಾಠ ಮುಗಿಯಲಿ, ಆಮೇಲೆ ಆಟ ಎಂದು ಎಲ್ಲೋ ಎತ್ತಿಟ್ಟುಕೊಂಡಿತ್ತು. ಸತ್ತೇಹೋಯಿತೆಂದು ನಾನು ಹೆದರುತ್ತಿದ್ದ ಕುಣಿತವನ್ನು ಅದು ಜೋಪಾನವಾಗಿ ಕಾಪಾಡಿಕೊಂಡಿತ್ತು, ನನ್ನಿಂದಲೇ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು, ಯಾವುದು ಹೆಚ್ಚೆಂದು ಹೇಳಲಾರೆ.

"ಕುಣಿಯೇ, ನನ್ನಮ್ಮ" ಎಂದೆ.

ಹಾಲಿನ ಮೆಟ್ಟಿಲಿನಿಂದ ಗೇಟಿನವರೆಗೆ ಅಂಗಳ. ಅವಳು ಬೂಟನ್ನೂ ಬಿಚ್ಚದೆ, ಬೆನ್ನಿನ ನಂಬರ್ ಚೀಟಿ ಪಟಪಟ ಅನ್ನುವಂತೆ ಹೊರಟಳು. ಸುತ್ತಿದಳು, ನೆಗೆದಳು, ಧಡ್ ಎಂದು ಇಳಿದಳು. ಹಿಮ್ಮಡಿ ಎದ್ದಿತ್ತು. ಮೊಣಕೈ ಬಗ್ಗಿತ್ತು. ಕತ್ತು ಎತ್ತಲೋ ಹೋಗಿತ್ತು. ನಾನು ಅವಳ ಬ್ಯಾಗು ಹೊತ್ತು ತಪ್ಪುಗಳನ್ನು ಎಣಿಸುತ್ತ ಹಿಂದೆ ನಡೆದೆ. ಎಣಿಸುವುದನ್ನು ನಿಲ್ಲಿಸಲು ನನಗೆ ಗೇಟಿನ ತನಕ ಬೇಕಾಯಿತು.